ಓದುಗರ ಪ್ರಶ್ನೆ: ಈ ಲೋಕಲ್‌ಹೋಸ್ಟ್ ಯಾರದ್ದು?

ಪ್ರಶ್ನೆ: ಮೇಡಂ, ನಮ್ಮದು ಉಡುಪಿಯಲ್ಲಿ ಹಾಲಿನ ಸೊಸೈಟಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ಕಂಪನಿ. ಕುಂದಾಪುರ, ಬೈಂದೂರು ಕಡೆ ಓಡಾಡುವ ಸಪೋರ್ಟ್ ಹುಡುಗರು ಆಫೀಸಿನ ಡೇಟಾಬೇಸ್ ನೋಡಲಿ ಅಂತ ಒಂದು ಕಮಾಂಡ್‌ಲೈನ್ ಟೂಲ್ ಮಾಡಿದ್ದೇವೆ. ಅದು ಒಳಗೆ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರ್‌ಗೆ ಎನ್‌ಕ್ರಿಪ್ಟ್ ಆದ ದಾರಿಯಲ್ಲಿ ಸೇರಿಸುವ ಪ್ರೋಗ್ರಾಮ್) ಬಳಸುತ್ತದೆ. ಪೋರ್ಟ್ ಫಾರ್ವರ್ಡಿಂಗ್, ಅಂದರೆ ಒಂದು ಮೆಷಿನ್‌ನ ಪೋರ್ಟಿಗೆ (ಪ್ರೋಗ್ರಾಮ್‌ಗಳು ಮಾತಾಡುವ ನಂಬರಿನ ಬಾಗಿಲಿಗೆ) ಬಂದದ್ದನ್ನು ಇನ್ನೊಂದು ಪೋರ್ಟಿಗೆ ದಾಟಿಸುವುದು, ಅದರ ಬಗ್ಗೆ ಟೂಲ್‌ನ ಹೆಲ್ಪ್‌ನಲ್ಲಿ ಇರುವುದು ಇಷ್ಟೇ: ‘ಫಾರ್ವರ್ಡ್ — ಪೋರ್ಟ್ ಫಾರ್ವರ್ಡ್ ಮಾಡುತ್ತದೆ. ಉದಾಹರಣೆ: 5432:ಲೋಕಲ್‌ಹೋಸ್ಟ್:5432’. ದಿನಾ ಯಾರಾದರೂ ಫೋನ್ ಮಾಡಿ ‘ಆಗ್ತಾ ಇಲ್ಲ’ ಅನ್ನುತ್ತಾರೆ. ಇದನ್ನು ಸರಿಯಾಗಿ ಬರೆಯುವ ಕೆಲಸ ಈಗ ನನ್ನ ಪಾಲಿಗೆ ಬಂದಿದೆ. ಎಲ್ಲಿಂದ ಶುರು ಮಾಡಲಿ?
— ಓದುಗಿ, ಕುಂಜಿಬೆಟ್ಟು, ಉಡುಪಿ

ಉತ್ತರ: ಈ ಕೆಲಸ ನಿಮಗೆ ಬಂದದ್ದು ಕೇಳಿ ಖುಷಿಯಾಯಿತು. ಪೋರ್ಟ್ ಫಾರ್ವರ್ಡಿಂಗ್ ಬಗ್ಗೆ ಬರೆದದ್ದು ಅರ್ಥವಾಗದೆ, ‘ನನಗೆ ನೆಟ್‌ವರ್ಕಿಂಗ್ ತಲೆಗೆ ಹತ್ತುವುದಿಲ್ಲ’ ಅಂತ ಬೇಸರ ಮಾಡಿಕೊಳ್ಳುವ ಮಕ್ಕಳನ್ನು ಮಂಗಳೂರು ಬಿಜೈಯ ನಮ್ಮ ಆಫೀಸಿನಲ್ಲಿ ಪ್ರತಿ ವರ್ಷ ನೋಡುತ್ತೇನೆ. ತಲೆಗೆ ಹತ್ತುವ ಹಾಗೆ ಯಾರೂ ಬರೆದಿಲ್ಲ, ಅಷ್ಟೇ.

ನಿಮ್ಮ ಆ ಒಂದು ಸಾಲನ್ನೇ ನೋಡೋಣ. ಅದರಲ್ಲಿ ಎರಡು ಸಲ 5432 ಇದೆ. ಯಾವುದು ಹುಡುಗನ ಲ್ಯಾಪ್‌ಟಾಪಿನದ್ದು, ಯಾವುದು ಡೇಟಾಬೇಸಿನದ್ದು? ನಿಮಗೆ ಗೊತ್ತು. ಓದುವವರಿಗೆ ಗೊತ್ತಾಗಲು ದಾರಿಯೇ ಇಲ್ಲ. 5432 ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್ ಸಾಫ್ಟ್‌ವೇರಿನ ಮಾಮೂಲಿ ಪೋರ್ಟ್ ಆದ್ದರಿಂದ ಬರೆಯುವಾಗ ಎರಡೂ ಕಡೆ ಅದೇ ಕೈಗೆ ಬರುತ್ತದೆ. ಉದಾಹರಣೆಯಲ್ಲಿ ಬೇರೆ ಬೇರೆ ನಂಬರ್ ಕೊಡಿ. ಎಡಗಡೆ 15432, ಬಲಗಡೆ 5432. ಲ್ಯಾಪ್‌ಟಾಪಿನಲ್ಲಿ ಮೊದಲೇ ಪೋಸ್ಟ್‌ಗ್ರೆಸ್ ಹಾಕಿಕೊಂಡವರಿಗೆ ಇದರಿಂದ ಇನ್ನೊಂದು ಉಪಕಾರವೂ ಇದೆ. ಅವರ 5432 ಆಗಲೇ ಬಳಕೆಯಲ್ಲಿರುತ್ತದೆ ಅಲ್ವಾ?

ಇನ್ನು ನಡುವೆ ಇರುವ ಲೋಕಲ್‌ಹೋಸ್ಟ್, ಅಂದರೆ ‘ಇದೇ ಮೆಷಿನ್’ ಅನ್ನುವ ಹೆಸರು. ಹೆಚ್ಚಿನ ಗೊಂದಲ ಹುಟ್ಟುವುದೇ ಇಲ್ಲಿ. ಕುಂದಾಪುರದಲ್ಲಿ ಕೂತ ಹುಡುಗ ಅದನ್ನು ಓದಿ ‘ನನ್ನ ಲ್ಯಾಪ್‌ಟಾಪ್’ ಅಂದುಕೊಳ್ಳುತ್ತಾನೆ. ಆದರೆ ಹೀಗೆ ಫಾರ್ವರ್ಡ್ ಮಾಡುವ ಎಸ್‌ಎಸ್‌ಎಚ್‌ನ -ಎಲ್ ಆಯ್ಕೆಯಲ್ಲಿ ನಡುವಿನ ಹೆಸರು ಯಾರದ್ದು ಅಂತ ತೀರ್ಮಾನಿಸುವುದು ಆ ಕಡೆಯ ಸರ್ವರ್. ಹಾಗಾಗಿ ಅಲ್ಲಿ ಲೋಕಲ್‌ಹೋಸ್ಟ್ ಅಂದರೆ ಆ ಸರ್ವರ್ರೇ. ನೀವು ಮಂಗಳೂರಿನಿಂದ ಉಡುಪಿಯ ಅಕ್ಕನಿಗೆ ಫೋನ್ ಮಾಡಿ ‘ಪಕ್ಕದ ಮನೆಯವರಿಗೆ ಸ್ವಲ್ಪ ಹೇಳಕ್ಕಾ’ ಅಂದರೆ ಅವರು ಹೋಗುವುದು ತಮ್ಮ ಪಕ್ಕದ ಮನೆಗೆ. ಮಂಗಳೂರಿನ ನಿಮ್ಮ ಪಕ್ಕದ ಮನೆಗೆ ಯಾಕೆ ಬರುತ್ತಾರೆ? ಡೇಟಾಬೇಸ್ ಬೇರೊಂದು ಮೆಷಿನ್‌ನಲ್ಲಿದ್ದರೆ ಆ ಮೆಷಿನ್‌ನ ಹೆಸರು ಬರೆಯಬೇಕು. ಅದು ಸರ್ವರ್‌ಗೆ ಗೊತ್ತಿರುವ ಹೆಸರಾಗಿರಬೇಕು. ಲ್ಯಾಪ್‌ಟಾಪಿಗೆ ಗೊತ್ತಿಲ್ಲದಿದ್ದರೂ ನಡೆಯುತ್ತದೆ.

ಓಪನ್‌ಎಸ್‌ಎಸ್‌ಎಚ್‌ನ ಮ್ಯಾನ್ ಪೇಜ್ (ಕಮಾಂಡಿನ ಕೈಪಿಡಿ) ತೆಗೆದು -ಎಲ್ ವಿವರಣೆ ಓದಿ. ‘ಲೋಕಲ್’ ಅಂದ ಕೂಡಲೇ ಆವರಣದಲ್ಲಿ ‘ಕ್ಲೈಂಟ್’ (ಕಮಾಂಡ್ ಕೊಡುವ ಮೆಷಿನ್) ಅಂತ ಬರೆದಿದ್ದಾರೆ. ಆ ಒಂದು ಪದ ಎಷ್ಟೋ ಜನರನ್ನು ಕಾಪಾಡಿದೆ ಅಂತ ನನ್ನ ನಂಬಿಕೆ. ನೀವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಲೋಕಲ್, ರಿಮೋಟ್, ಹೋಸ್ಟ್, ಟಾರ್ಗೆಟ್ ಎಲ್ಲ ಬದಿಗಿಟ್ಟು ಮೆಷಿನ್‌ಗಳಿಗೆ ಊರಿನ ಹೆಸರು ಕೊಡಿ. ಕುಂದಾಪುರ ಲ್ಯಾಪ್‌ಟಾಪ್, ಉಡುಪಿ ಸರ್ವರ್, ಮಣಿಪಾಲ ಡೇಟಾಬೇಸ್. ಆಮೇಲೆ ಹೀಗೆ ಬರೆಯಿರಿ:

‘15432:ಮಣಿಪಾಲ:5432 ಅಂತ ಕೊಟ್ಟರೆ ಕುಂದಾಪುರ ಲ್ಯಾಪ್‌ಟಾಪಿನಲ್ಲಿ 15432 ಪೋರ್ಟ್ ತೆರೆಯುತ್ತದೆ. ಅಲ್ಲಿಗೆ ಬಂದದ್ದೆಲ್ಲ ಎನ್‌ಕ್ರಿಪ್ಟ್ ಆಗಿ ಉಡುಪಿ ಸರ್ವರ್‌ಗೆ ಹೋಗುತ್ತದೆ. ಅಲ್ಲಿಂದ ಉಡುಪಿ ಸರ್ವರ್ ಮಣಿಪಾಲದ 5432ಕ್ಕೆ ಕನೆಕ್ಟ್ ಆಗುತ್ತದೆ. ಉಡುಪಿಯಿಂದ ಮಣಿಪಾಲದವರೆಗಿನ ದಾರಿಗೆ ಎಸ್‌ಎಸ್‌ಎಚ್‌ನ ರಕ್ಷಣೆ ಇಲ್ಲ. ನಿಮ್ಮ ಪ್ರೋಗ್ರಾಮ್‌ನಲ್ಲಿ ಕೊಡಬೇಕಾದ ವಿಳಾಸ: ಲೋಕಲ್‌ಹೋಸ್ಟ್, ಪೋರ್ಟ್ 15432.’

ಕೊನೆಯ ಎರಡು ವಾಕ್ಯ ಬಿಡಲೇಬೇಡಿ. ಟನಲ್ (ಲ್ಯಾಪ್‌ಟಾಪಿನಿಂದ ಸರ್ವರ್‌ವರೆಗಿನ ಈ ಎನ್‌ಕ್ರಿಪ್ಟ್ ಆದ ದಾರಿ) ತನ್ನ ಎರಡು ತುದಿಯ ನಡುವೆ ಮಾತ್ರ ರಕ್ಷಣೆ ಕೊಡುತ್ತದೆ ಅನ್ನುವುದು ಎಷ್ಟೋ ಅನುಭವಸ್ಥರಿಗೂ ಹೊಳೆದಿರುವುದಿಲ್ಲ. ಟನಲ್ ಹಾಕಿದ ಮೇಲೆ ಏನು ಟೈಪ್ ಮಾಡಬೇಕು ಅನ್ನುವುದನ್ನಂತೂ ಬಹಳ ಜನ ಬರೆಯುವುದೇ ಇಲ್ಲ. ಓದುವವರಿಗೆ ಬೇಕಾದದ್ದು ಡೇಟಾಬೇಸ್. ಟನಲ್ ಹಾಕಿ ಅಲ್ಲಿಗೇ ಬಿಟ್ಟರೆ ಹೇಗೆ?

ಕಳೆದ ಮಳೆಗಾಲದಲ್ಲಿ ನಮ್ಮಲ್ಲಿಗೆ ಇಂಟರ್ನ್‌ಶಿಪ್‌ಗೆ ಬಂದ ಹುಡುಗಿಯೊಬ್ಬಳು ಪುಸ್ತಕದಲ್ಲಿದ್ದ ಕಮಾಂಡ್ ಸರಿಯಾಗಿಯೇ ಟೈಪ್ ಮಾಡಿದಳು. ಟನಲ್ ಮಾತ್ರ ಸಾಕು, ಆ ಕಡೆ ಕಮಾಂಡ್ ಓಡಿಸುವುದು ಬೇಡ ಅನ್ನುವ -ಎನ್ ಕೂಡ ಹಾಕಿದ್ದಳು. ಪಾಸ್‌ವರ್ಡ್ ಕೊಟ್ಟಳು. ಆಮೇಲೆ ಸ್ಕ್ರೀನ್ ಮೇಲೆ ಏನೂ ಇಲ್ಲ. ಕರ್ಸರ್ ಮಾತ್ರ ಮಿನುಗುತ್ತಿತ್ತು. ಸ್ವಲ್ಪ ಹೊತ್ತು ಕಾದಳು, ಹ್ಯಾಂಗ್ ಆಗಿದೆ ಅಂದುಕೊಂಡು ಕಂಟ್ರೋಲ್-ಸಿ ಒತ್ತಿದಳು, ಆಮೇಲೆ ಡೇಟಾಬೇಸ್‌ಗೆ ಹೋಗಲು ನೋಡಿದಳು. ‘ಕನೆಕ್ಷನ್ ರಿಫ್ಯೂಸ್ಡ್’. ಮತ್ತೆ ಅದೇ ಕಮಾಂಡ್, ಮತ್ತೆ ಅದೇ ಮೌನ, ಮತ್ತೆ ಕಂಟ್ರೋಲ್-ಸಿ. ಪ್ರತಿ ಸಲ ಟನಲ್ ಸರಿಯಾಗಿಯೇ ತೆರೆದಿತ್ತು. ಪ್ರತಿ ಸಲ ಅವಳೇ ಅದನ್ನು ಮುಚ್ಚುತ್ತಿದ್ದಳು. ‘ಏನೂ ಕಾಣದಿದ್ದರೆ ಸರಿಯಾಗಿದೆ ಅಂತ ಅರ್ಥ. ಈ ಕಿಟಕಿ ಹಾಗೇ ಇರಲಿ, ಇನ್ನೊಂದು ಟರ್ಮಿನಲ್ ತೆರೆಯಿರಿ’ ಅಂತ ಪುಸ್ತಕದಲ್ಲಿ ಒಂದು ಸಾಲು ಇದ್ದಿದ್ದರೆ ಸಾಕಿತ್ತು. ಹಲವು ಸರ್ವರ್‌ಗಳಲ್ಲಿ ಪ್ರೋಗ್ರಾಮ್ ಓಡಿಸಿ ನೋಡಿಕೊಳ್ಳುವ ಕುಬರ್ನೆಟಿಸ್‌ನ ಪೋರ್ಟ್-ಫಾರ್ವರ್ಡ್ ಕಮಾಂಡ್ ಈ ವಿಷಯದಲ್ಲಿ ಒಳ್ಳೆಯದು. 127.0.0.1:8080ರಿಂದ (127.0.0.1 ಅಂದರೆ ಲೋಕಲ್‌ಹೋಸ್ಟೇ) 80ಕ್ಕೆ ಕಳಿಸುತ್ತಿದ್ದೇನೆ ಅಂತ ತಾನೇ ಹೇಳುತ್ತದೆ. ಟೂಲ್ ನಿಮ್ಮದೇ ಅಲ್ವಾ? ಡೆವಲಪರ್ ಹತ್ತಿರ ಹೇಳಿ ಇಂಥದ್ದೊಂದು ಸಾಲು ಪ್ರಿಂಟ್ ಮಾಡಿಸಿ. ಅದು ಹೆಲ್ಪ್‌ನಲ್ಲಿ ಬರೆಯುವುದಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ.

ಎಡ ಬಲದ ಬಗ್ಗೆ ಒಂದು ಮಾತು. ಪ್ರೋಗ್ರಾಮ್‌ಗಳನ್ನು ಪ್ರತ್ಯೇಕ ಪೆಟ್ಟಿಗೆಯಲ್ಲಿಟ್ಟ ಹಾಗೆ ಓಡಿಸುವ ಡಾಕರ್‌ನ -ಪಿ 8080:80, ಕುಬರ್ನೆಟಿಸ್‌ನ 8080:80, ಎಸ್‌ಎಸ್‌ಎಚ್‌ನ -ಎಲ್ ಮತ್ತು -ಆರ್, ಇವೆಲ್ಲದರಲ್ಲೂ ಎಡಗಡೆಯ ಪೋರ್ಟ್ ಕಾದು ಕೂರುವುದು, ಬಲಗಡೆಯದು ಹೋಗಿ ತಲುಪುವುದು. -ಎಲ್‌ನಲ್ಲಿ ಕಾದು ಕೂರುವುದು ನಿಮ್ಮ ಲ್ಯಾಪ್‌ಟಾಪ್, -ಆರ್‌ನಲ್ಲಿ ಆ ಕಡೆಯ ಸರ್ವರ್. ಇದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದೆಲ್ಲ ಸಲೀಸು. ಈ ಎಲ್, ಆರ್ ಎರಡೂ ಇಂಗ್ಲಿಷಿನ ದೊಡ್ಡಕ್ಷರ ಅಂತಲೂ ಬರೆಯಿರಿ. ಎಸ್‌ಎಸ್‌ಎಚ್‌ನಲ್ಲಿ ಸಣ್ಣ ಎಲ್ ಲಾಗಿನ್ ಹೆಸರಿಗೆ ಮೀಸಲು.

ಹೆಚ್ಚಿನ ಕಡೆ ಬಿಟ್ಟುಹೋಗುವ, ನನಗೆ ನಿಜಕ್ಕೂ ಆತಂಕ ಹುಟ್ಟಿಸುವ ವಿಷಯ ಒಂದಿದೆ. ತೆರೆದ ಪೋರ್ಟ್ ಒಳಗೆ ಯಾರು ಬರಬಹುದು? ಎಸ್‌ಎಸ್‌ಎಚ್‌ನ -ಎಲ್ ಸುಮ್ನೆ ಬಿಟ್ಟರೆ ನಿಮ್ಮ ಲ್ಯಾಪ್‌ಟಾಪಿಗೆ ಮಾತ್ರ ತೆರೆಯುತ್ತದೆ. ಕುಬರ್ನೆಟಿಸ್ ಕೂಡ ಹಾಗೇ. ಡಾಕರ್ ಹಾಗಲ್ಲ. -ಪಿ 5432:5432 ಅಂತ ಕೊಟ್ಟರೆ ಮೆಷಿನ್‌ನ ಎಲ್ಲ ನೆಟ್‌ವರ್ಕ್ ವಿಳಾಸಗಳಲ್ಲೂ ತೆರೆದುಕೊಳ್ಳುತ್ತದೆ. ಲಿನಕ್ಸ್‌ನಲ್ಲಿ ಯುಎಫ್‌ಡಬ್ಲ್ಯು ಫೈರ್‌ವಾಲ್ ಹಾಕಿದ್ದರೂ ಡಾಕರ್ ತೆರೆದ ಪೋರ್ಟ್ ಅದನ್ನು ದಾಟಿ ಬರುತ್ತದೆ. ಮಣಿಪಾಲದ ಯಾವುದೋ ಕೆಫೆಯ ವೈಫೈಯಲ್ಲಿ ಕೂತವರ ಡೇಟಾಬೇಸ್ ಪಕ್ಕದ ಟೇಬಲ್‌ನವರಿಗೂ ಕಂಡೀತು. ಮುಂದೆ 127.0.0.1 ಸೇರಿಸಿ 127.0.0.1:5432:5432 ಅಂತ ಬರೆದರೆ ಆ ಭಯವಿಲ್ಲ. ನಿಮ್ಮ ಟೂಲ್ ಇದರಲ್ಲಿ ಯಾವ ಜಾತಿಯದ್ದು ಅಂತ ಉದಾಹರಣೆಯ ಪಕ್ಕದಲ್ಲೇ ಹೇಳಿ. ಅದಕ್ಕೆ ಬೇರೆ ‘ಸೆಕ್ಯೂರಿಟಿ’ ಅಧ್ಯಾಯ ಮಾಡಿದರೆ ಯಾರೂ ಅಲ್ಲಿವರೆಗೆ ಓದುವುದಿಲ್ಲ.

ಇನ್ನು ಕೆಡುವುದು ಹೇಗೆ ಅಂತ ಬರೆಯಬೇಕು. ನಿಮಗೆ ಬರುವ ಫೋನ್ ಕಡಿಮೆಯಾಗುವುದು ಇದರಿಂದಲೇ. ಎರರ್ ಮೆಸೇಜನ್ನು ಕನ್ನಡಕ್ಕೆ ತಿರುಗಿಸಬೇಡಿ. ಸ್ಕ್ರೀನ್ ಮೇಲೆ ಬರುವ ಹಾಗೇ ಇಂಗ್ಲಿಷಿನಲ್ಲೇ ಕೊಡಿ, ಜನ ಹುಡುಕುವುದು ಅದನ್ನೇ. ಕೆಳಗೆ ಕನ್ನಡದಲ್ಲಿ ಅರ್ಥ ಹೇಳಿ. ‘ಅಡ್ರೆಸ್ ಆಲ್‌ರೆಡಿ ಇನ್ ಯೂಸ್’ ಬಂದರೆ ಎಡಗಡೆಯ ಪೋರ್ಟ್ ಬೇರೆ ಯಾವುದೋ ಪ್ರೋಗ್ರಾಮ್ ಹಿಡಿದುಕೊಂಡಿದೆ, ನಂಬರ್ ಬದಲಾಯಿಸಿ. ನಿಮ್ಮ ಡೇಟಾಬೇಸ್ ಪ್ರೋಗ್ರಾಮ್ ‘ಕನೆಕ್ಷನ್ ರಿಫ್ಯೂಸ್ಡ್’ ಅಂದರೆ ಟನಲ್ಲೇ ತೆರೆದಿಲ್ಲ. ಟನಲ್ ಇರುವ ಕಿಟಕಿಯಲ್ಲಿ ‘ಚಾನೆಲ್, ಓಪನ್ ಫೇಲ್ಡ್’ ಅಂತ ಶುರುವಾಗಿ ಕೊನೆಗೆ ‘ಕನೆಕ್ಷನ್ ರಿಫ್ಯೂಸ್ಡ್’ ಬಂದರೆ ಕತೆಯೇ ಬೇರೆ. ಟನಲ್ ಚೆನ್ನಾಗಿದೆ, ಉಡುಪಿಯಿಂದ ಮುಂದೆ ಮಣಿಪಾಲದಲ್ಲಿ ಬಾಗಿಲು ಮುಚ್ಚಿದೆ. ಅದೇ ಜಾಗದಲ್ಲಿ ‘ಅಡ್ಮಿನಿಸ್ಟ್ರೇಟಿವ್ಲಿ ಪ್ರೊಹಿಬಿಟೆಡ್’ ಬಂದರೆ ಸರ್ವರ್‌ನಲ್ಲೇ ಫಾರ್ವರ್ಡಿಂಗ್‌ಗೆ ತಡೆ ಹಾಕಿದ್ದಾರೆ, ಹುಡುಗ ಎಷ್ಟು ತಿಣುಕಿದರೂ ಆಗದು, ಅಡ್ಮಿನ್‌ಗೆ ಹೇಳಬೇಕು. ಒಂದೇ ‘ರಿಫ್ಯೂಸ್ಡ್’ ಎರಡು ಕಿಟಕಿಯಲ್ಲಿ ಎರಡು ಅರ್ಥ ಕೊಡುತ್ತದೆ. ಹಾಗಾಗಿ ಫೋನ್ ಬಂದಾಗ ‘ಯಾವ ಕಿಟಕಿಯಲ್ಲಿ ಬಂತು?’ ಅಂತ ಮೊದಲು ಕೇಳಿ. ಅದನ್ನೇ ಹೆಲ್ಪ್‌ನಲ್ಲೂ ಬರೆಯಿರಿ.

ಉದಾಹರಣೆಗೆ ಐಪಿ ವಿಳಾಸ ಬೇಕಾದರೆ ಆಫೀಸಿನ ನಿಜವಾದ ವಿಳಾಸ ಹಾಕಬೇಡಿ, ಮನಸ್ಸಿಗೆ ಬಂದದ್ದನ್ನೂ ಹಾಕಬೇಡಿ. ಓದಿದವರು ಕಾಪಿ ಮಾಡಿ ಓಡಿಸಿಯೇ ಓಡಿಸುತ್ತಾರೆ. 192.0.2, 198.51.100, 203.0.113 ಅಂತ ಶುರುವಾಗುವ ವಿಳಾಸಗಳನ್ನು ಉದಾಹರಣೆಗೆಂದೇ ಎತ್ತಿಟ್ಟಿದ್ದಾರೆ. 2010ರ ಆರ್‌ಎಫ್‌ಸಿ 5737 (ಇಂಟರ್ನೆಟ್ ನಿಯಮಗಳ ದಾಖಲೆ) ನೋಡಿ.

ಬರೆದಾದ ಮೇಲೆ ಬೈಂದೂರಿನ ಹುಡುಗನೊಬ್ಬನ ಪಕ್ಕ ಕೂತು ಅವನು ಓದಿ ಮಾಡುವುದನ್ನು ನೋಡಿ. ಬಾಯಿ ಮಾತ್ರ ಬಿಡಬೇಡಿ. ನಿಮಗೆ ಎಲ್ಲಿ ಬಾಯಿ ಬಿಡಬೇಕು ಅನಿಸುತ್ತದೋ ಅಲ್ಲಿ ಒಂದು ಸಾಲು ಕಡಿಮೆ ಇದೆ.

ಪ್ರಶ್ನೆ: ಮೇಡಂ, ಮನೆ ಮೂಲ್ಕಿ, ಕೆಲಸ ಪುಣೆಯಲ್ಲಿ. ಊರಲ್ಲಿ ಅಪ್ಪ ಅಮ್ಮ ಇಬ್ಬರೇ. ಮನೆಯ ಸಿಸಿ ಕ್ಯಾಮೆರಾ ಇಲ್ಲಿಂದ ನೋಡಲು ರೂಟರ್ ಜೊತೆ ಬಂದ ಕೈಪಿಡಿಯ ಪ್ರಕಾರ ಪೋರ್ಟ್ ಫಾರ್ವರ್ಡಿಂಗ್ ಮಾಡಿದೆ. ಒಂದು ಹೆಜ್ಜೆಯೂ ಬಿಟ್ಟಿಲ್ಲ. ಆದರೂ ತೆರೆಯುತ್ತಿಲ್ಲ.
— ಓದುಗ, ಪುಣೆ

ಉತ್ತರ: ಕೈಪಿಡಿಯ ಮೊದಲ ಸಾಲಿನಲ್ಲೇ ಇರಬೇಕಾಗಿದ್ದ ಪರೀಕ್ಷೆ ಒಂದಿದೆ. ಅದನ್ನು ಮೊದಲು ಮಾಡಿ. ರೂಟರ್‌ನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ (ಇಂಟರ್ನೆಟ್ ಕಂಪನಿ ರೂಟರ್‌ಗೆ ಕೊಟ್ಟ ವಿಳಾಸ) ನೋಡಿ. ಆಮೇಲೆ ಅದೇ ಮನೆಯ ವೈಫೈಯಲ್ಲಿ ‘ನನ್ನ ಐಪಿ ಯಾವುದು’ ಅಂತ ತೋರಿಸುವ ಯಾವುದಾದರೂ ಸೈಟ್ ತೆರೆಯಿರಿ. ಎರಡೂ ಬೇರೆ ಬೇರೆಯಿದ್ದು, ವ್ಯಾನ್ ಐಪಿ 100.64ರಿಂದ 100.127ರ ಒಳಗೆ ಶುರುವಾಗಿದ್ದರೆ ನಿಮ್ಮ ಇಂಟರ್ನೆಟ್ ಕಂಪನಿ ಒಂದೇ ಹೊರ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದೆ ಅಂತ ಅರ್ಥ. ಈ ವಿಳಾಸಗಳನ್ನು ಅದಕ್ಕೆಂದೇ 2012ರಲ್ಲಿ ಮೀಸಲಿಟ್ಟರು. ಹೊರಗಿನಿಂದ ಬಂದ ಕರೆ ಕಂಪನಿಯ ಹತ್ತಿರವೇ ನಿಲ್ಲುತ್ತದೆ. ನಿಮ್ಮ ರೂಟರ್‌ವರೆಗೆ ಬರುವುದೇ ಇಲ್ಲ, ಅಲ್ಲಿ ಏನು ಸೆಟ್ಟಿಂಗ್ ಮಾಡಿದರೂ ಪ್ರಯೋಜನವಿಲ್ಲ.

ಕಂಪನಿಯವರ ಹತ್ತಿರ ಪಬ್ಲಿಕ್ ಐಪಿ ಕೇಳಿ ನೋಡಬಹುದು. ನಿಮ್ಮ ಹತ್ತಿರ ಬಾಡಿಗೆ ಸರ್ವರ್ ಇದ್ದರೆ ನಾನು ಇನ್ನೊಂದು ದಾರಿ ಹೇಳುತ್ತೇನೆ. ಮನೆಯಲ್ಲಿ ಒಂದು ರಾಸ್ಪ್‌ಬೆರಿ ಪೈ (ಅಂಗೈಯಗಲದ ಕಂಪ್ಯೂಟರ್) ಇಡಿ. ಅದು ಎಸ್‌ಎಸ್‌ಎಚ್‌ನ -ಆರ್ ಬಳಸಿ ತಾನೇ ಹೊರಗೆ ಹೋಗಿ ಸರ್ವರ್‌ಗೆ ಕನೆಕ್ಟ್ ಆಗಲಿ: 18080:192.168.1.20:80. ಇಲ್ಲಿ 192.168.1.20 ಅಂದರೆ ಕ್ಯಾಮೆರಾದ ವಿಡಿಯೋ ಉಳಿಸುವ ಡಿವಿಆರ್, ನಿಮ್ಮದು ಬೇರೆ ಇದ್ದೀತು. 18080 ಕಾದು ಕೂರುವುದು ಸರ್ವರ್‌ನಲ್ಲಿ. ಸರ್ವರ್‌ನ ಗೇಟ್‌ವೇಪೋರ್ಟ್ಸ್ ಸೆಟ್ಟಿಂಗ್ ಬದಲಾಯಿಸದಿದ್ದರೆ ಅದು ಸರ್ವರ್‌ನ ಒಳಗಿನಿಂದ ಮಾತ್ರ ಸಿಗುತ್ತದೆ. ಬದಲಾಯಿಸಬೇಡಿ. ಅಪ್ಪ ಅಮ್ಮ ಓಡಾಡುವ ಅಂಗಳ ಇಡೀ ಲೋಕಕ್ಕೆ ಕಾಣುವುದು ಬೇಡ. ಪುಣೆಯಿಂದ ನೀವು ಅದೇ ಸರ್ವರ್‌ಗೆ -ಎಲ್ 8080:ಲೋಕಲ್‌ಹೋಸ್ಟ್:18080 ಕೊಡಿ, ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್:8080 ತೆರೆಯಿರಿ. ಕಮಾಂಡ್‌ನಲ್ಲಿರುವ ಲೋಕಲ್‌ಹೋಸ್ಟ್ ಸರ್ವರ್‌ನದ್ದು, ಬ್ರೌಸರ್‌ನದ್ದು ನಿಮ್ಮದು.

ಡಿವಿಆರ್‌ನ ಫ್ಯಾಕ್ಟರಿ ಪಾಸ್‌ವರ್ಡ್ ಇನ್ನೂ ಹಾಗೇ ಇದ್ದರೆ ಇವತ್ತೇ ಬದಲಾಯಿಸಿ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುತ್ತಲೇ ಇರುತ್ತದೆ, ಹೋದ ಟನಲ್ ತಾನಾಗಿ ಏಳುವುದಿಲ್ಲ. ಪೈಯಲ್ಲಿ ಅದನ್ನೊಂದು ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಪ್ರೋಗ್ರಾಮ್‌ಗಳನ್ನು ಶುರು ಮಾಡಿ ನೋಡಿಕೊಳ್ಳುವುದು) ಸರ್ವೀಸ್ ಮಾಡಿ, ನಿಂತರೆ ಮತ್ತೆ ಶುರುವಾಗುವ ಹಾಗೆ ಇಡಿ. ಪೋರ್ಟ್ ತೆರೆಯದಿದ್ದರೆ ಎಸ್‌ಎಸ್‌ಎಚ್ ನಿಂತುಬಿಡಲಿ ಅಂತ ಎಕ್ಸಿಟ್‌ಆನ್‌ಫಾರ್ವರ್ಡ್‌ಫೇಲ್ಯೂರ್ ಆಯ್ಕೆಗೆ ‘ಯೆಸ್’ ಕೊಡಿ, ಸರ್ವರ್ ಇನ್ನೂ ಇದೆಯಾ ಅಂತ 60 ಸೆಕೆಂಡಿಗೊಮ್ಮೆ ವಿಚಾರಿಸಲಿ ಅಂತ ಸರ್ವರ್‌ಅಲೈವ್‌ಇಂಟರ್ವಲ್‌ಗೆ 60 ಕೊಡಿ. ಪಾಸ್‌ವರ್ಡ್ ಕೇಳದ ಹಾಗೆ ಎಸ್‌ಎಸ್‌ಎಚ್ ಕೀ (ಪಾಸ್‌ವರ್ಡ್ ಬದಲು ಗುರುತು ಹೇಳುವ ಫೈಲ್) ಹಾಕಿ. ಊರಿಗೆ ಬಂದಾಗ ಪೈಯ ಪ್ಲಗ್ ತೆಗೆದು ಮತ್ತೆ ಹಾಕಿ, ಮೊಬೈಲ್ ಡೇಟಾದಲ್ಲಿ ಒಮ್ಮೆ ನೋಡಿಕೊಂಡೇ ಪುಣೆಗೆ ಹೊರಡಿ.