ಸುಕೇಶ ಏರಿಸಿದ ಬಾವುಟ

ನಮಸ್ಕಾರ.

ನಿಮ್ಮ ಕಥೆಯನ್ನು ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಆದರೆ ಎರಡು ಸಾಲಿನ ವಿಷಾದಪತ್ರ ಕಳಿಸಿ ಕೈತೊಳೆದುಕೊಳ್ಳಲು ಮನಸ್ಸಾಗಲಿಲ್ಲ, ಮೊದಲರ್ಧ ಅಷ್ಟು ಚೆನ್ನಾಗಿದೆ. ಬೆಂಗರೆಯ ಸುಕೇಶ ಪಣಂಬೂರಿನಲ್ಲಿ ಭಾರತೀಯ ಸರಕು ಹಡಗು ಹತ್ತುತ್ತಾನೆ. ಎರಡು ವರ್ಷ ಕಳೆದ ಮೇಲೆ ಹೆಚ್ಚಿನ ಸಂಬಳದ ಆಸೆಗೆ ಪನಾಮಾ ಬಾವುಟದ, ಅಂದರೆ ಆ ದೇಶದಲ್ಲಿ ನೋಂದಣಿಯಾದ ಶಿಪ್ಪಿಗೆ ಕೆಲಸಕ್ಕೆ ಸೈನ್ ಆನ್ ಆಗುತ್ತಾನೆ. 2019ರಲ್ಲಿ ಶಾರ್ಜಾದ ಹೊರಗೆ ಲಂಗರು ಹಾಕಿದ ಆ ಹಡಗನ್ನು ಮಾಲೀಕರು ಕೈಬಿಡುತ್ತಾರೆ. ಇಷ್ಟೂ ನಂಬಿಕೆ ಬರುವ ಹಾಗೆ ಬಂದಿದೆ. ಬಾವುಟ ಕಾಣಿಸಿಕೊಂಡಲ್ಲೆಲ್ಲ ಮಾತ್ರ ಕಥೆ ಎಡವುತ್ತದೆ.

ಮೊದಲು ಪಣಂಬೂರು. 'ಹಡಗಿನ ತುದಿಗಂಬದಲ್ಲಿ ತ್ರಿವರ್ಣ ಪಟಪಟಿಸಿತು, ಅಪ್ಪನ ಕಣ್ಣು ತುಂಬಿ ಬಂತು' ಎಂದಿದ್ದೀರಿ. ನಮ್ಮ ದೇಶದಲ್ಲಿ ನೋಂದಣಿಯಾದ ವ್ಯಾಪಾರಿ ಹಡಗು ತನ್ನ ಗುರುತಿಗೆ ಹಾರಿಸುವುದು ಕೆಂಪು ಎನ್‌ಸೈನ್. ಬಟ್ಟೆಯೆಲ್ಲ ಕೆಂಪು, ಕಂಬದ ಕಡೆಗಿರುವ ಮೇಲಿನ ಮೂಲೆಯಲ್ಲಷ್ಟೇ ತ್ರಿವರ್ಣ. ನೌಕಾಪಡೆಯದು ಬಿಳಿ. ಈ ಹಂಚಿಕೆ ಬ್ರಿಟಿಷರಿಂದ ಬಂದದ್ದು. ಅವರ ನೌಕಾಪಡೆಯ ದಳಗಳೇ ಕೆಂಪು, ಬಿಳಿ, ನೀಲಿ ಮೂರನ್ನೂ ಹಾರಿಸುತ್ತಿದ್ದವು. 1864ರಲ್ಲಿ ಬಿಳಿಯನ್ನು ನೌಕಾಪಡೆಗೆ ಇಟ್ಟುಕೊಂಡು ಕೆಂಪನ್ನು ವ್ಯಾಪಾರಿ ಹಡಗುಗಳಿಗೆ ಬಿಟ್ಟುಕೊಟ್ಟರು. (ಇದನ್ನು ಕಥೆಯೊಳಗೆ ತುರುಕಬೇಡಿ, ನಿಮಗೆ ಗೊತ್ತಿದ್ದರೆ ಸಾಕು.)

ಬಂದರಿನಲ್ಲಿ ಎನ್‌ಸೈನಿನ ಜಾಗವೂ ತುದಿಗಂಬವಲ್ಲ, ಹಡಗಿನ ಹಿಂಬದಿಯ ಗಿಡ್ಡ ಕೋಲು. ಹಡಗು ಹೊರಡುವಾಗ ಮೇಲೆ ಹಾರುವುದು, ಬಂದರಿನೊಳಗೆ ದಾರಿ ತೋರಿಸುವ ಪೈಲಟ್ ಹಡಗಿನಲ್ಲಿದ್ದಾನೆ ಎಂದು ತಿಳಿಸುವ ಅರ್ಧ ಬಿಳಿ, ಅರ್ಧ ಕೆಂಪಿನ ಬಾವುಟ. ಇದು ನಿಮಗೆ ಅನುಕೂಲವೇ. ದಡದಲ್ಲಿ ನಿಂತ ಅಪ್ಪನಿಗೆ ಕಟ್ಟಕಡೆಗೆ ಕಾಣುವುದು ಹಿಂಬದಿ: ಹಡಗಿನ ಹೆಸರು, ಅದರಡಿ 'ಮುಂಬೈ' ಎಂದು ನೋಂದಣಿಯ ಬಂದರು, ಮೇಲೆ ಆ ಕೆಂಪು ಬಟ್ಟೆ. 'ಇದೇನು ಮಾರಾಯ್ರೆ, ನಮ್ಮ ಬಾವುಟ ಮೂಲೆಗೆ ಬಿದ್ದಿದೆ?' ಎಂದು ಅವನು ಪಕ್ಕದವರನ್ನು ಕೇಳಲಿ. ಕಣ್ಣೀರಿಗಿಂತ ಆ ಪ್ರಶ್ನೆ ಅಪ್ಪನನ್ನು ಹೆಚ್ಚು ತೋರಿಸುತ್ತದೆ.

ನಾಲ್ಕನೇ ಪುಟದಲ್ಲಿ ಬೋಸನ್ (ಡೆಕ್ಕಿನ ಹುಡುಗರ ಮೇಸ್ತ್ರಿ) ಬಾವುಟಗಳ ಬಗ್ಗೆ ಮಾಡುವ ಭಾಷಣ ಪೂರ್ತಿ ಹೋಗಬೇಕು. ಸ್ವಿಟ್ಜರ್ಲೆಂಡಿನ ರಾಷ್ಟ್ರಧ್ವಜ ಚೌಕ, ಹಡಗಿನದು ಆಯತ. ಇಟಲಿಯ ವ್ಯಾಪಾರಿ ಹಡಗಿನ ಸಿಂಹ ಪುಸ್ತಕ ಹಿಡಿದಿದೆ, ಯುದ್ಧನೌಕೆಯ ಸಿಂಹ ಕತ್ತಿ ಹಿಡಿದಿದೆ. ಮಾಹಿತಿ ಸರಿಯಾಗಿದೆ, ಸಿಂಹದ ವಿಷಯ ನನಗೂ ಇಷ್ಟವಾಯಿತು. ಆದರೆ ಜೀವನವೆಲ್ಲ ಶಿಪ್ಪಿನಲ್ಲಿ ಕಳೆದವನು ಹೊಸ ಹುಡುಗನಿಗೆ ಕ್ವಿಜ್ ನಡೆಸುವುದಿಲ್ಲ. 'ಹೊತ್ತು ಮುಳುಗಿತು, ಬಾವುಟ ಇಳಿಸೋ' ಎನ್ನುತ್ತಾನೆ, ಅಷ್ಟೇ.

ಇನ್ನು ಕೊನೆ. ಮೂರು ತಿಂಗಳಿಂದ ಸಂಬಳವಿಲ್ಲ. ಸುಕೇಶ ಪನಾಮಾ ಬಾವುಟ ಕಿತ್ತು, ಪೆಟ್ಟಿಗೆಯಲ್ಲಿದ್ದ ತ್ರಿವರ್ಣ ಏರಿಸುತ್ತಾನೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಮರುದಿನ ಭಾರತೀಯ ಅಧಿಕಾರಿ ದೋಣಿಯಲ್ಲಿ ಬರುತ್ತಾನೆ. ಸಿನಿಮಾದಲ್ಲಿ ನಡೆದೀತು. 1982ರ ಸಮುದ್ರ ಕಾನೂನು ಒಪ್ಪಂದದ ಪ್ರಕಾರ ಹಡಗಿಗೆ ಒಂದೇ ದೇಶದ ಬಾವುಟ. ಮಾಲೀಕತ್ವವೋ ನೋಂದಣಿಯೋ ನಿಜವಾಗಿ ಬದಲಾಗದೆ, ಪ್ರಯಾಣದ ನಡುವೆ ಅಥವಾ ತಂಗಿದ ಬಂದರಿನಲ್ಲಿ ಅದನ್ನು ಬದಲಿಸುವ ಹಾಗಿಲ್ಲ. ಅನುಕೂಲ ನೋಡಿಕೊಂಡು ಎರಡು ಬಾವುಟ ಹಾರಿಸುವ ಹಡಗನ್ನು ಯಾವ ದೇಶಕ್ಕೂ ಸೇರದ್ದೆಂದು ಪರಿಗಣಿಸಬಹುದು. ನೋಂದಣಿ ಪನಾಮಾದಲ್ಲಿರುವ ತನಕ ಹಡಗು ಭಾರತದ್ದಾಗುವುದಿಲ್ಲ. ಹುಡುಗರ ಸಂಬಳಕ್ಕೆ ಯಾವ ದೇಶದ ಕಾನೂನಿನ ಬಾಗಿಲು ಬಡಿಯಬೇಕು ಎಂದು ಹೇಳುವ ಬಟ್ಟೆಯನ್ನೇ ನಿಮ್ಮ ನಾಯಕ ಹರಿದೆಸೆದಿದ್ದಾನೆ. ಅದು ನಿಮಗೆ ಗೊತ್ತಿದ್ದು ಬರೆದಿದ್ದರೆ ದೊಡ್ಡ ಕಥೆಯಾಗುತ್ತಿತ್ತು. ಈಗ ಬರೀ ದೇಶಭಕ್ತಿಯ ಪೋಸ್ಟರ್.

ಇನ್ನೊಂದು ಸಂಗತಿ ನಿಮ್ಮ ಕಣ್ಣು ತಪ್ಪಿಸಿಕೊಂಡಿದೆ. ಕಡಲ ಕಾರ್ಮಿಕರ ಒಪ್ಪಂದಕ್ಕೆ ತಂದ ತಿದ್ದುಪಡಿ 2017ರ ಜನವರಿಯಿಂದ ಜಾರಿಯಲ್ಲಿದೆ. ಮಾಲೀಕ ಕೈಕೊಟ್ಟರೆ ನಾಲ್ಕು ತಿಂಗಳವರೆಗಿನ ಬಾಕಿ ಸಂಬಳ, ಊಟ, ಊರಿಗೆ ಮರಳುವ ಖರ್ಚು ಭರಿಸುವ ವಿಮೆಯೋ ಬೇರೆ ಖಾತರಿಯೋ ಇರಬೇಕು. ಅದರ ಪ್ರಮಾಣಪತ್ರ ಎಲ್ಲರಿಗೂ ಕಾಣುವಂತೆ ಹಡಗಿನಲ್ಲಿ ಅಂಟಿಸಿರಬೇಕು. ಎರಡು ತಿಂಗಳ ಸಂಬಳ ಬಾರದಿದ್ದರೆ ಕೈಬಿಟ್ಟಂತೆಯೇ ಲೆಕ್ಕ. ಅಂದರೆ ದಿನಾ ಊಟಕ್ಕೆ ಕೂರುವಾಗ ಸುಕೇಶನ ತಲೆಯ ಹಿಂದೆಯೇ ಆ ಹಾಳೆ ಇದೆ. ಓದಿದನೇ? ಅವಧಿ ಮುಗಿದ ಪತ್ರವೇ? ಕ್ಯಾಪ್ಟನ್ ಅದರ ಮೇಲೆ ಕ್ಯಾಲೆಂಡರ್ ತೂಗುಹಾಕಿದ್ದಾನೆಯೇ? ನಿಮ್ಮ ಕೊನೆಯ ಮೂರು ಪುಟ ಇಲ್ಲಿಂದ ಹುಟ್ಟಬೇಕು.

ಬಾವುಟವನ್ನು ಇದ್ದಲ್ಲೇ ಬಿಡಿ, ಆದರೆ ನೋಡಿ ಬರೆಯಿರಿ. ತಿಂಗಳುಗಟ್ಟಲೆ ಬದಲಿಸದ ಬಾವುಟ ಕಂಬದ ಕಡೆಯಲ್ಲಿ ಗಟ್ಟಿಯಾಗಿರುತ್ತದೆ, ಗಾಳಿಗೆ ಬಡಿಯುವ ಅಂಚು ಎಳೆಎಳೆಯಾಗಿ ಸವೆಯುತ್ತದೆ. ಪನಾಮಾದ ಬಾವುಟದಲ್ಲಿ ಎರಡು ನಕ್ಷತ್ರ: ನೀಲಿಯದು ಕಂಬದ ಬದಿ ಮೇಲೆ, ಕೆಂಪಿನದು ಆಚೆ ಬದಿ ಕೆಳಗೆ. ಮೊದಲು ಹರಿಯುವುದು ಕೆಂಪು ನಕ್ಷತ್ರ. ಬಾವುಟ ಬದಲಿಸಲೂ ದುಡ್ಡು ಕೊಡದ ಮಾಲೀಕನ ಬಗ್ಗೆ ಬೇರೆ ಮಾತು ಬೇಕಿಲ್ಲ.

'ಅಲಾಟ್‌ಮೆಂಟ್ ಬರಲಿಲ್ಲ ಮಗಾ, ಬ್ಯಾಂಕಿನವರದ್ದೇ ಏನೋ ತಪ್ಪಿರಬೇಕು' ಎಂದು ತಾಯಿ, ಮನೆಗೆ ಬರಬೇಕಿದ್ದ ಸಂಬಳದ ಪಾಲಿನ ಬಗ್ಗೆ ಫೋನಿನಲ್ಲಿ ಹೇಳುವ ಸಾಲನ್ನು ಮುಟ್ಟಬೇಡಿ. ತಿದ್ದಿದ ಪ್ರತಿ ಎರಡು ಸಾವಿರ ಪದ ಮೀರದಿರಲಿ. ಶೀರ್ಷಿಕೆಯ ಕೊನೆಯ ಆಶ್ಚರ್ಯಸೂಚಕ ಚಿಹ್ನೆಯನ್ನೂ ತೆಗೆದು ಕಳಿಸಿ.

ಸಂಪಾದಕ