‘ಮಧ್ಯಾಹ್ನದ ಮೇಲೆ ಮನೆಗೆ ಕರೆದುಕೊಂಡು ಹೋಗಿ’: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗಬಾರದೆಂದು ಕುಟುಂಬದ ವಿವರಗಳನ್ನು ಬದಲಿಸಲಾಗಿದೆ.)

ಆಪ್ತಸಲಹೆಗೆಂದು ನಮ್ಮಲ್ಲಿಗೆ ಬಂದವರು 8 ವರ್ಷದ ಹುಡುಗನ ತಂದೆ, ತಾಯಿ. ಹುಡುಗನಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಮೈಯ ಚಲನೆ ಹಿಡಿತಕ್ಕೆ ಸಿಗದ ಸ್ಥಿತಿ. ಎರಡೂ ಕಾಲಿನ ಸ್ನಾಯುಗಳು ಬಿಗಿ, ವಾಕರ್ ಹಿಡಿದು ನಡೆಯುತ್ತಾನೆ, ಮಾತು ನಿಧಾನ. ಓದಿನಲ್ಲಿ ತರಗತಿಯ ಉಳಿದವರಿಗೆ ಸಮ. ಊಟದ ಬಿಡುವಾದ ಮೇಲೆ ಹಟ ಮಾಡುತ್ತಾನೆ, ಪೆನ್ಸಿಲ್ ಎಸೆಯುತ್ತಾನೆ, ಆದ್ದರಿಂದ ಅರ್ಧ ದಿನ ಸಾಕು ಎಂದು ಶಾಲೆಯವರು ಹೇಳಿದ್ದರು. ಪೂರ್ತಿ ದಿನ ಬೇಕಿದ್ದರೆ ತಾಯಿ ಹೊರಗೆ ಕೂತಿರಬೇಕು. ತಾಯಿ ಕೆಲಸ ಬಿಟ್ಟು 5 ತಿಂಗಳಿಂದ ಕಾರಿಡಾರಿನ ಬೆಂಚಿನ ಮೇಲೆ ಕೂರುತ್ತಿದ್ದರು. ಶಾಲೆಯವರ ಜೊತೆ 4 ಸಲ ಮಾತುಕತೆ ಆಗಿತ್ತು. ಒಂದು ಸಾಲೂ ಬರಹದಲ್ಲಿ ಇರಲಿಲ್ಲ. “ಪ್ರತಿ ಸಲ ಕೈಮುಗಿದು ಬರ್ತೀನಿ ಮೇಡಂ. ಬಾಯಿ ತೆರೆದ್ರೆ ಅಳು ಬಂದುಬಿಡುತ್ತೆ” ಎಂದರು ತಾಯಿ. 12 ವರ್ಷದ ಅಕ್ಕ ದಿನಾ ಸಂಜೆ ತಮ್ಮನಿಗೆ ವ್ಯಾಯಾಮ ಮಾಡಿಸುತ್ತಾಳೆಂಬುದು ಮಾತಿನ ನಡುವೆ ಗೊತ್ತಾಯಿತು.

ಶಾಲೆಗೆ ಕೂಡಲೇ ಪತ್ರ ಬರೆಯಬೇಕೆಂದು ತಂದೆ ಪಟ್ಟು ಹಿಡಿದರು. ಬೇಡ ಎಂದೆವು. ‘ಹಟ’ ಅನ್ನುವುದು ನೋಡಿದವರ ತೀರ್ಮಾನ. ನಿಜವಾಗಿ ಏನು ನಡೆಯಿತು ಎಂಬುದು ಅದರಲ್ಲಿ ಇಲ್ಲ. ಕಾರಣ ಗೊತ್ತಿಲ್ಲದೆ ಬರೆದ ಪತ್ರಕ್ಕೆ ‘ನೋಡೋಣ’ ಎಂಬ ಉತ್ತರವೇ ಬರುತ್ತದೆ. ಮೊದಲು 10 ಶಾಲಾದಿನಗಳ ದಾಖಲೆ ಇಡಲು ಹೇಳಿದೆವು: ಗಂಟೆ, ಅದಕ್ಕೆ ಮುಂಚೆ ಏನಾಯಿತು, ಹುಡುಗ ಏನು ಮಾಡಿದ, ಆಮೇಲೆ ದೊಡ್ಡವರು ಏನು ಮಾಡಿದರು. ಪಕ್ಕದಲ್ಲಿ ಇನ್ನೆರಡು ಅಂಕಣ, ಕುಡಿದ ನೀರು ಮತ್ತು ಶೌಚಾಲಯಕ್ಕೆ ಹೋದ ಹೊತ್ತು. ಈ ಎರಡನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ.

ಎರಡು ವಾರದ ಹಾಳೆಯಲ್ಲಿ ನೀರಿನ ಅಂಕಣ ಬಹುಪಾಲು ಖಾಲಿ. ಬೆಳಿಗ್ಗೆ ತುಂಬಿಸಿ ಕಳಿಸಿದ ಬಾಟಲಿ ಸಂಜೆ ಹಾಗೇ ವಾಪಸು ಬರುತ್ತಿತ್ತು.

ಹುಡುಗನ ಜೊತೆ ಪ್ರತ್ಯೇಕವಾಗಿ 20 ನಿಮಿಷ ಕೂತೆವು. ಮಾತು ನಿಧಾನವಿರುವ ಮಗುವಿಗೆ ಪ್ರಶ್ನೆ ಕೇಳಿ ಕನಿಷ್ಠ 10 ಸೆಕೆಂಡ್ ಸುಮ್ಮನಿರಬೇಕು. ನಡುವೆ ವಾಕ್ಯ ಪೂರ್ತಿ ಮಾಡಿಕೊಟ್ಟರೆ ಅದು ನಮ್ಮ ಉತ್ತರವಾಗುತ್ತದೆ. ಅವನು ಹೇಳಿದ್ದು ಎರಡೇ ಮಾತು. “ನೀರು ಕುಡಿದ್ರೆ ಹೋಗ್ಬೇಕಾಗುತ್ತೆ. ಅಮ್ಮ ಎತ್ತಿ ಕೂರಿಸೋದನ್ನ ಎಲ್ರೂ ನೋಡ್ತಾರೆ.” ಸ್ವಲ್ಪ ಹೊತ್ತಿನ ನಂತರ: “ಅಮ್ಮ ಅಲ್ಲಿ ಕೂತಿದ್ರೆ ಯಾರೂ ಆಟಕ್ಕೆ ಕರೆಯಲ್ಲ.”

ಶೌಚಾಲಯದಲ್ಲಿ ಹಿಡಿಕಂಬಿ ಇರಲಿಲ್ಲ. ನೀರು ಕುಡಿಯದಿದ್ದರೆ ತಲೆನೋವು, ಮಲಬದ್ಧತೆ. ಮೂತ್ರ ತಡೆದರೆ ಸೋಂಕಿನ ಭಯ. ಇದರ ಮೇಲೆ ಕುರ್ಚಿಯ ತೊಂದರೆ ಬೇರೆ. ಪಾದ ನೇತಾಡುತ್ತಿದ್ದರೆ ಮೈ ನೆಟ್ಟಗೆ ಇಟ್ಟುಕೊಳ್ಳುವುದರಲ್ಲೇ ಶಕ್ತಿಯೆಲ್ಲ ಸೋರಿ, ಬರೆಯುವ ಕೈ ಬೇಗ ಸೋಲುತ್ತದೆ. ಮಧ್ಯಾಹ್ನದ ಹೊತ್ತಿಗೆ ಪೆನ್ಸಿಲ್ ಹಾರುತ್ತಿದ್ದುದು ಇದಕ್ಕೆ. ಜೊತೆಗೆ, ಮೂತ್ರದ ಸೋಂಕು ಇದೆಯೇ ಎಂದು ಮಕ್ಕಳ ವೈದ್ಯರಲ್ಲಿ ಪರೀಕ್ಷೆ ಮಾಡಿಸಲು ಹೇಳಿದೆವು.

ಆಮೇಲೆ ಪತ್ರ. ಒಂದೇ ಪುಟ, ಹುಟ್ಟಿನಿಂದ ಇಲ್ಲಿಯವರೆಗಿನ ಚಿಕಿತ್ಸೆಯ ಕಥೆ ಬೇಡ. ಮಗು ಏನು ಮಾಡಬಲ್ಲ ಎಂಬುದು ಮೊದಲು, ಏನು ಅಡ್ಡಿ ಎಂಬುದು ಆಮೇಲೆ, ಕೊನೆಗೆ ಮೂರು ಬೇಡಿಕೆ. ಮೂರಕ್ಕಿಂತ ಹೆಚ್ಚಾದರೆ ಸುಲಭವಾದದ್ದನ್ನು ಮಾಡಿ ಮುಖ್ಯವಾದದ್ದನ್ನು ಬಿಡುತ್ತಾರೆ. ‘ದಯವಿಟ್ಟು ಸ್ವಲ್ಪ ಗಮನ ಕೊಡಿ’ ಎಂಬ ಸಾಲನ್ನು ತೆಗೆಸಿದೆವು. ಏನು, ಯಾರು, ಯಾವಾಗ ಎಂಬುದು ಇಲ್ಲದ ಬೇಡಿಕೆಯನ್ನು ಪಾಲಿಸಿದರೋ ಇಲ್ಲವೋ ಅಳೆಯಲಾಗದು.

ಬರೆದ ಬೇಡಿಕೆಗಳಿವು. ಶೌಚಾಲಯದ ಎರಡೂ ಬದಿಗೆ ಹಿಡಿಕಂಬಿ, ಕಾಲಿಗೆ ಮಣೆ, ಒಳಗಿನಿಂದ ಹಾಕಿದರೂ ಹೊರಗಿನಿಂದ ತೆಗೆಯಬಹುದಾದ ಚಿಲಕ. ಪ್ರತಿ ಬಿಡುವಿಗೆ 10 ನಿಮಿಷ ಮೊದಲು, ಬೇರೆ ಮಕ್ಕಳು ಇಲ್ಲದಿರುವಾಗ, ತರಬೇತಿ ಪಡೆದ ಇಬ್ಬರು ಸಿಬ್ಬಂದಿಯಲ್ಲಿ ಒಬ್ಬರು ಕರೆದೊಯ್ಯುವುದು. ಮೂರನೆಯದು ತರಗತಿಯ ಕುರ್ಚಿಗೆ ಕಾಲುಮಣೆ: ಶೂ ಹಾಕಿದ ಹಿಮ್ಮಡಿಯಿಂದ ಮೊಣಕಾಲಿನ ಹಿಂಭಾಗದವರೆಗೆ ಅಳೆಯಿರಿ, ಆಸನದ ಎತ್ತರ ಅದಕ್ಕಿಂತ ಎಷ್ಟು ಹೆಚ್ಚೋ ಅಷ್ಟೇ ಮಣೆಯ ಎತ್ತರ. ಸೊಂಟ, ಮೊಣಕಾಲು, ಪಾದದ ಗಂಟು ಸುಮಾರು 90 ಡಿಗ್ರಿಗೆ ಬರಬೇಕು, ಮೇಜು ಮೊಣಕೈ ಮಟ್ಟಕ್ಕಿರಬೇಕು. ಮಣೆಯನ್ನು ಕುರ್ಚಿಗೆ ಬಿಗಿಯದಿದ್ದರೆ ಬಿಗಿಕಾಲು ಅದನ್ನು ಮುಂದಕ್ಕೆ ತಳ್ಳಿಬಿಡುತ್ತದೆ.

ಪೂರ್ತಿ ದಿನದ ಸಹಾಯಕರನ್ನು ಕೇಳೋಣವೆಂದು ತಂದೆ ಸೂಚಿಸಿದರು. ಕೆಲವು ಮಕ್ಕಳಿಗೆ ಅದು ಬೇಕೇ ಬೇಕು. ಈ ಹುಡುಗನಿಗೆ ಬೇಡ ಎಂದೆವು; ಅಮ್ಮನ ಜಾಗದಲ್ಲಿ ಇನ್ನೊಬ್ಬರು ಕೂತರೂ ಆಟಕ್ಕೆ ಕರೆಯುವವರು ದೂರವೇ ಉಳಿಯುತ್ತಾರೆ.

ಕಾನೂನಿನ ಮಾತು ಎಲ್ಲಿ ಬರಬೇಕು? 2006ರ ವಿಶ್ವಸಂಸ್ಥೆಯ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಒಡಂಬಡಿಕೆಯ 24ನೇ ವಿಧಿ ಶಿಕ್ಷಣದ ಹಕ್ಕನ್ನು ಹೇಳುತ್ತದೆ. ಸೂಕ್ತ ಹೊಂದಾಣಿಕೆ ನಿರಾಕರಿಸುವುದೂ ತಾರತಮ್ಯ ಎಂಬುದು 2ನೇ ವಿಧಿಯಲ್ಲಿದೆ. ಮಗುವಿನ ಅಭಿಪ್ರಾಯಕ್ಕೆ ಬೆಲೆ ಕೊಡಬೇಕೆನ್ನುವುದು 7ನೇ ವಿಧಿ. ನಿಮ್ಮ ದೇಶದ ಕಾನೂನಿನ ಸಂಬಂಧಪಟ್ಟ ಸೆಕ್ಷನ್ ಹುಡುಕಿ, ಪತ್ರದ ಕೊನೆಗೆ ಒಂದೇ ಸಾಲು ಸೇರಿಸಿ. ಅದನ್ನೇ ಮುಂದಿಟ್ಟು ಶುರು ಮಾಡಿದರೆ ಶಿಕ್ಷಕರು ಮಗುವಿನ ಮಾತು ಬಿಟ್ಟು ತಮ್ಮ ರಕ್ಷಣೆಗೆ ಇಳಿಯುತ್ತಾರೆ.

ಸಭೆಗೆ ಇಬ್ಬರೂ ಹೋದರು. ತಾಯಿ ಮೂರು ಬೇಡಿಕೆಯನ್ನು ಹಾಳೆ ನೋಡಿ ಓದಿದರು, ತಂದೆ ಉತ್ತರಗಳನ್ನು ಬರೆದುಕೊಂಡರು. ಅಳು ಬಂದರೆ ‘5 ನಿಮಿಷ ಕೊಡಿ’ ಎಂದು ಕೇಳುವುದು ಮೊದಲೇ ಅಭ್ಯಾಸವಾಗಿತ್ತು. ಅಳುವುದು ತಪ್ಪಲ್ಲ, ಅಳುವಾಗ ಯಾವುದಕ್ಕೂ ಹೂಂ ಅನ್ನಬಾರದು ಅಷ್ಟೆ. ಅಂದೇ ಸಂಜೆ ಇಮೇಲ್ ಹೋಯಿತು: ‘ಇಂದು ಒಪ್ಪಿದ್ದು ಹೀಗೆಂದು ತಿಳಿದಿದ್ದೇವೆ. ಬದಲಾವಣೆ ಇದ್ದರೆ 3 ದಿನದೊಳಗೆ ತಿಳಿಸಿ.’ ಪ್ರಯೋಗದ ಅವಧಿ 6 ವಾರ. ಪರಿಶೀಲನೆಯ ತಾರೀಖನ್ನು ಅಲ್ಲೇ ನಿಗದಿ ಮಾಡಿಸಿದರು.

ತಾಯಿ ಮೊದಲ ವಾರ ಕಾರಿಡಾರ್, ಎರಡನೇ ವಾರ ಗೇಟಿನ ಬಳಿ, ಆಮೇಲೆ ಮನೆಯಲ್ಲಿ, ಫೋನ್ ಹತ್ತಿರ. ನಾಲ್ಕನೇ ವಾರ ಒಂದು ದಿನ ತರಬೇತಿ ಪಡೆದವರು ರಜೆಯಲ್ಲಿದ್ದು ಹುಡುಗನ ಬಟ್ಟೆ ಒದ್ದೆಯಾಯಿತು. ಮತ್ತೆ ಬೆಂಚಿಗೇ ಹೋಗುತ್ತೇನೆಂದು ತಾಯಿ ಕರೆ ಮಾಡಿದರು. ವಿಚಾರಿಸಿದಾಗ, ಇಬ್ಬರಿಗೆ ಎಂದು ಬರೆದಿದ್ದರೂ ಒಬ್ಬರಿಗೆ ಮಾತ್ರ ತರಬೇತಿ ಆಗಿತ್ತು. ಬರಹ ಇದ್ದದ್ದರಿಂದ ಜಗಳವಿಲ್ಲದೆ ಕೇಳಲು ಸಾಧ್ಯವಾಯಿತು. ಫಿಸಿಯೋಥೆರಪಿಸ್ಟ್ ಬಂದು ಎರಡನೆಯವರಿಗೂ ಹಿಡಿದು ಕೂರಿಸುವ ಕ್ರಮ ತೋರಿಸಿದರು. ಚೀಲದಲ್ಲಿ ಒಂದು ಜೊತೆ ಬಟ್ಟೆ ಖಾಯಂ.

6 ವಾರದ ಪರಿಶೀಲನೆಗೆ ಹುಡುಗನೂ ಕೂತ. ಮಧ್ಯಾಹ್ನದ ತರಗತಿಗಳಲ್ಲಿ ಇರುತ್ತಿದ್ದಾನೆ, ಬಾಟಲಿ ಅರ್ಧ ಖಾಲಿಯಾಗಿ ಬರುತ್ತಿದೆ. ಸಂಜೆಯ ವ್ಯಾಯಾಮವನ್ನು ವಾರದಲ್ಲಿ 5 ದಿನ ತಂದೆ ವಹಿಸಿಕೊಂಡರು, ಅಕ್ಕನಿಗೆ ಭಾನುವಾರ ಮಾತ್ರ, ಅದೂ ಅವಳಿಗೆ ಮನಸ್ಸಿದ್ದರೆ. ಉಳಿದಿರುವುದು ಮುಂದಿನ ವರ್ಷದ ಕೆಲಸ: ಹೊಸ ತರಗತಿ ಶುರುವಾಗುವ ಮುನ್ನ ಹಳೆಯ ಶಿಕ್ಷಕರು, ಹೊಸ ಶಿಕ್ಷಕರು, ತಾಯಿ ಮೂವರೂ ಅರ್ಧ ಗಂಟೆ ಕೂತು ಅದೇ ಒಂದು ಪುಟವನ್ನು ತಿದ್ದಬೇಕು, ಕಾಲು ಬೆಳೆದಿರುತ್ತದೆಯಾದ್ದರಿಂದ ಮಣೆಯನ್ನೂ ಮತ್ತೆ ಅಳೆಯಬೇಕು.