ಮೊದಲ ಭಾಗ ನೋಡದೆ ‘ಸಬ್‌ಸ್ಪೀಶೀಸ್ 2’ ನೋಡಬಹುದಾ?
1991ರ ಮೊದಲ ಭಾಗ ಬಿಟ್ಟು ನೇರವಾಗಿ 1993ರ ಹಾರರ್ ಸಿನಿಮಾ ‘ಬ್ಲಡ್‌ಸ್ಟೋನ್: ಸಬ್‌ಸ್ಪೀಶೀಸ್ 2’ ನೋಡಿದರೆ ಅರ್ಥವಾಗುತ್ತದಾ ಅಂತ ಕೇಳಿದ್ದೀರಲ್ಲ, ಧಾರಾಳವಾಗಿ ನೋಡಿ. ರಾಡು ಎಂಬ ರಕ್ತಪಿಶಾಚಿಯ ತಲೆ ಹಾರಿದೆ ಅಂತ ಗೊತ್ತಿದ್ದರೆ ಸಾಕು. ಈ ಸಿನಿಮಾ ಶುರುವಾಗುವುದೇ ಅವನ ಪುಟಾಣಿ ಭೂತಗಳು ಆ ತಲೆಯನ್ನು ಮತ್ತೆ ಮುಂಡಕ್ಕೆ ಸೇರಿಸುವುದರಿಂದ. (ನಗು ಬಂದರೆ ನಕ್ಕುಬಿಡಿ!) ನಾಯಕಿ ಮಿಶೆಲ್ ಪಾತ್ರಕ್ಕೆ ಇಲ್ಲಿ ಹೊಸ ನಟಿ, ಡೆನಿಸ್ ಡಫ್. ಮೊದಲನೆಯದನ್ನು ನೋಡಿಲ್ಲದ ನಿಮಗೆ ಆ ಗಲಿಬಿಲಿಯೂ ಇಲ್ಲ.

ದುಡ್ಡು ಕಡಿಮೆ, ನಿಜ. ಆದರೆ ರೊಮೇನಿಯಾದಲ್ಲೇ ಚಿತ್ರೀಕರಣ ಮಾಡಿದ್ದಾರೆ, ಹಳೇ ಕಲ್ಲುಗೋಡೆಗಳು ಸುಮ್ನೆ ಸೆಟ್ ಅನ್ನಿಸುವುದಿಲ್ಲ. ರಾಡುವಿನ ಉದ್ದುದ್ದ ಬೆರಳುಗಳ ನೆರಳು ಗೋಡೆ ಮೇಲೆ ಹರಿದು ಬರುವುದನ್ನು ನೋಡಿ, ಮೈ ಜುಂ ಅನ್ನುತ್ತದೆ. ನನಗೆ ಮೊದಲನೆಯದಕ್ಕಿಂತ ಇದೇ ಜಾಸ್ತಿ ಇಷ್ಟ. ಕತೆ ಮಾತ್ರ ಇಲ್ಲಿಗೇ ಮುಗಿಯುವುದಿಲ್ಲ, 1994ರ ಮೂರನೆಯದನ್ನೂ ಹುಡುಕಿಟ್ಟುಕೊಳ್ಳಿ.